ತಿಪ್ಪನ ಹೊಸ ಚಡ್ಡಿ

ದುದ್ದ, ೧೯೪೧

ಚನ್ನರಾಯಪಟ್ಟಣದಲ್ಲಿರುವ ಯಜಮಾನರಿಗೆ ಬೆಳ್ಳಮ್ಮ ಮಾಡುವ ನಮಸ್ಕಾರ.

ಮೊದಲ ಗಂಡುಮಗು ತೀರಿಕೊಂಡಿತೆಂದು, ಜವರಾಯನ ಕಣ್ಣು ತಪ್ಪಿಸಲು ನಮ್ಮ ತಿಪ್ಪನಿಗೆ ಮೂಗು ಚುಚ್ಚಿಸಿ, ಲಂಗ ತೊಡಿಸಿ ಹೆಣ್ಣಿನಂತೆ ಬೆಳೆಸಿದೆವಲ್ಲ. ಐದು ವರ್ಷ ಅಕ್ಕ ಕೆಂಪಿಯ ಜೊತೆ ಕಸ ಗುಡಿಸಿದ, ಹೂ ಕಟ್ಟಿದ. ಮೊನ್ನೆ ನೀವು ಕಳಿಸಿದ ಚಡ್ಡಿ ತೊಡಿಸಿದೆ. ಅಂದೇ ಕಸಬರಿಕೆ ಬಿಸಾಕಿ, ಜಗಲಿಯ ಮೇಲೆ ಕಾಲು ಚಾಚಿ, "ಅಕ್ಕಾ, ನೀರ್ ತಕಂಬಾ" ಅಂದ. ಅತ್ತೆ ನಕ್ಕರು. "ಗಂಡ್ಬುದ್ಧಿ ಉಟ್ಟುತ್ಲೇ ಬತ್ತದೆ ಕಣವ್ವ."

ಹುಟ್ಟುತ್ತಲೇ ಬಂದ ಬುದ್ಧಿ ಇಷ್ಟು ದಿನ ಲಂಗದೊಳಗೆ ಎಲ್ಲಿ ಮಲಗಿತ್ತು? ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆ ಹಚ್ಚುತ್ತೇನೆ, ಮರೆತು ಆರಿಸುತ್ತೇನೆ.

ಬರುವಾಗ ಅದೇ ಅಂಗಡಿಯಿಂದ ಇನ್ನೊಂದು ಚಡ್ಡಿ ತನ್ನಿ. ಸ್ವಲ್ಪ ದೊಡ್ಡದಿರಲಿ, ಕೆಂಪಿಯ ಅಳತೆಗೆ.

ನಿಮ್ಮ ದಾರಿ ನೋಡುತ್ತಿರುವ,
ಬೆಳ್ಳಮ್ಮ