ಎಫ್ರೇನನಿಗೆ ಕೊಟ್ಟ ಕಪ್ಪು ಗೌನು

ಗ್ವಾಯಾಕಿಲ್, ವರ್ಷದ ಕಡೆಯ ದಿನ

ಸ್ವರ್ಗವಾಸಿ ಪತಿರಾಯರಾದ ಲೌತಾರೊ ಅವರಿಗೆ,

ಇಂದು ರಾತ್ರಿ ಸುಡಬೇಕಾದ ಹಳೇ ವರ್ಷದ ಬೊಂಬೆಗೆ ನಿಮ್ಮ ನೀಲಿ ಅಂಗಿ ತೊಡಿಸಿ ಬಾಗಿಲಲ್ಲಿ ಕೂರಿಸಿದೆ. ಕೂತ ಭಂಗಿ ನಿಮ್ಮದೇ. ಕೈ ತಾನಾಗಿ ಕಾಫಿ ತಂದಿಟ್ಟಿತು, ಈ ಸಲ ನೀವು ಕೇಳುತ್ತಿದ್ದಷ್ಟೂ ಸಕ್ಕರೆ ಹಾಕಿ.

ಅಷ್ಟರಲ್ಲಿ ಪಕ್ಕದ ಮನೆಯ ಎಫ್ರೇನ್ ಬಂದ. ಬೊಂಬೆಯ ವಿಧವೆಯಾಗಿ ಬೀದಿಯಲ್ಲಿ ಗೋಳಾಡುವ ವೇಷ ಈ ವರ್ಷವೂ ಅವನದೇ, ಮೀಸೆ ಸಮೇತ.

"ಅಕ್ಕಾ, ನಿಮ್ಮ ಕಪ್ಪು ಗೌನು ಕೊಡಿ. ನಾಳೆ ತಂದ್ಕೊಡ್ತೀನಿ."

"ನನಗಿಂತ ಚೆನ್ನಾಗಿ ಅಳ್ತೀಯ. ನೀನೇ ಇಟ್ಕೋ."

ನೀವು ಹೋದಂದಿನಿಂದ ಶೋಕಕ್ಕೆಂದು ಬಿಡದೆ ತೊಟ್ಟಿದ್ದ ಆ ಗೌನನ್ನು ಒಳಗೆ ಹೋಗಿ ಕಳಚಿ, ಹಳದಿ ಗೌನು ತೊಟ್ಟು ಬಂದೆ. ಯಾರೂ ಹೇಳಿದ್ದಲ್ಲ, ನನ್ನದೇ ತೀರ್ಮಾನ. ಬೊಂಬೆಗೆ ಬೆಂಕಿ ಹಚ್ಚುವವಳೂ ನಾನೇ.

ಬಂದು ನೋಡಿದರೆ ಕಾಫಿ ಲೋಟ ಖಾಲಿ.

"ನಾನು ಮುಟ್ಟಿಲ್ಲಕ್ಕಾ, ನಮ್ಮಮ್ಮನಾಣೆ," ಎಂದ ಎಫ್ರೇನ್.

ಅವನ ಮೀಸೆ ಒದ್ದೆಯಾಗಿದೆಯೇ ಎಂದು ನಾನು ನೋಡಲಿಲ್ಲ. ಅದೂ ನನ್ನದೇ ತೀರ್ಮಾನ.