ಉರುಳಿದ ಬಸ್ಸಿಗೆ ಹೊಸ ಟೈರು ಹಾಕಿದವರು ಯಾರು?

ಅಪಘಾತದ ಬಸ್ಸನ್ನು ತಪಾಸಣೆ ಮಾಡಿದ ಮಾನ್ಯ ಅಧಿಕಾರಿಗಳೇ,

ಚಾಲಕ ನಿದ್ದೆಗೆ ಜಾರಿದ್ದರಿಂದ ಬಸ್ಸು ಉರುಳಿತು ಎಂದು ನೀವು ಬರೆದಿದ್ದೀರಿ. ಆ ಚಾಲಕನ ಬೆನ್ನ ಹಿಂದೆಯೇ ಕುಳಿತಿದ್ದ ನಾನು ಹೇಳುತ್ತೇನೆ: ಅದು ಸುಳ್ಳು. ಸುಳ್ಳೆಂದು ನಿಮಗೂ ಗೊತ್ತಿತ್ತೇ ಎಂಬುದಷ್ಟೇ ನನ್ನ ಅನುಮಾನ.

ನಮ್ಮವ್ವ ಹನಮವ್ವನಿಗೆ ಒಮ್ಮೆಯಾದರೂ ನಾಗಪುರದ ದೀಕ್ಷಾಭೂಮಿ ನೋಡಬೇಕೆಂಬ ಆಸೆ. ಘೋಣಸಗಿಯ ನಮ್ಮ ಓಣಿಯವರೆಲ್ಲ ಸೇರಿ ಖಾಸಗಿ ಬಸ್ಸು ಮಾಡಿಕೊಂಡು ಹೋದೆವು. ಅವ್ವ ಬಿಳಿ ಸೀರೆಯುಟ್ಟು ಸ್ತೂಪದ ಮುಂದೆ ಕೈಮುಗಿದು ಕೂತಿದ್ದಳು. ಮರಳುವಾಗ ಸೊಲ್ಲಾಪುರ ದಾಟಿ ಚಹಾಕ್ಕೆ ನಿಲ್ಲಿಸಿದಾಗ, ಟಿಕೋಟಾದ ಚಾಲಕ ಜಿಲಾನಿ ಮುಂದಿನ ಗಾಲಿಯ ಬಳಿ ನಿಂತು ಫೋನಿನಲ್ಲಿ ಮಾಲೀಕರೊಡನೆ ವಾದಿಸುತ್ತಿದ್ದ. ಏನಾಯಿತೆಂದು ಕೇಳಿದೆ.

“ಟೈರ್ ಸವದು ಒಳಗಿನ ತಾರ ಬಿಟ್ಟೈತ್ರಿ ಅಕ್ಕಾರ. ಬ್ಯಾರೆ ಗಾಡಿ ಕಳಸ್ರಿ ಅಂದ್ರ, ಸಾವಕಾಶ ಹೊಡಕೊಂಡು ಬಾ ಅಂತಾರ,” ಎಂದ.

ಸಾವಕಾಶವಾಗಿಯೇ ಹೊಡೆದ. ಟಿಕೋಟಾ ಇನ್ನೇನು ಬಂತು ಎನ್ನುವಾಗ, ಹಾಡಹಗಲೇ, ಆ ಟೈರು ಸಿಡಿಯಿತು. ಜಿಲಾನಿ ಎದ್ದು ನಿಂತು ಸ್ಟೇರಿಂಗ್ ಜಗ್ಗಿದ. ಎದುರಿಗಿದ್ದ ಟ್ರ್ಯಾಕ್ಟರಿನ ಜನ ಉಳಿದರು, ಬಸ್ಸು ರಸ್ತೆ ಬದಿಯ ತಗ್ಗಿಗೆ ಉರುಳಿತು. ಅವನು ಅಲ್ಲೇ ಅಸುನೀಗಿದ. ಅವ್ವ ವಿಜಯಪುರದ ಆಸ್ಪತ್ರೆ ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಉಸಿರು ಬಿಟ್ಟಳು.

ಮಣ್ಣು ಮಾಡಿದ ಮರುದಿನ ಅವ್ವನ ಚೀಲ ತರಲು ಠಾಣೆಗೆ ಹೋದೆ. ಆವರಣದಲ್ಲಿ ಬಸ್ಸು ನಿಂತಿತ್ತು. ಗಾಜಿಲ್ಲ, ಬಾಗಿಲಿಲ್ಲ, ಟಾಪು ಜಜ್ಜಿಹೋಗಿದೆ. ಆದರೆ ಮುಂದಿನ ಎರಡೂ ಟೈರು ಹೊಚ್ಚ ಹೊಸವು. ಮೈಮೇಲಿನ ರಬ್ಬರಿನ ಮುಳ್ಳುಗಳೂ ಉದುರಿರಲಿಲ್ಲ. ಸ್ವಾಮಿ, ಓಡುವ ಬಸ್ಸಿಗೆ ಸಿಗದ ಟೈರು ಸತ್ತ ಬಸ್ಸಿಗೆ ಸಿಕ್ಕಿದ್ದು ಹೇಗೆ? ಠಾಣೆಯವರನ್ನು ಕೇಳಿದರೆ, ಬಸ್ಸನ್ನು ಎಳೆದು ತರಲು ಬೇಕಾಗಿತ್ತಂತೆ. ಸರಿ, ಸಿಡಿದ ಟೈರು ಎಲ್ಲಿ? ‘ಟೈರುಗಳು ಸುಸ್ಥಿತಿಯಲ್ಲಿವೆ’ ಎಂದು ನೀವು ಬರೆದದ್ದು ನಿಜವೇ. ನೀವು ನೋಡಿದ ಟೈರುಗಳು ಸುಸ್ಥಿತಿಯಲ್ಲೇ ಇದ್ದವು. ಅವು ರಸ್ತೆಯನ್ನೇ ಕಂಡಿಲ್ಲವೆಂಬುದು ನಿಮ್ಮ ಅನುಭವಿ ಕಣ್ಣಿಗೆ ಬೀಳಲಿಲ್ಲವೇ? ಅಥವಾ ಬೀಳದಿದ್ದರೆ ಒಳ್ಳೆಯದೆಂದು ಯಾರಾದರೂ ಕೇಳಿಕೊಂಡರೇ? ಸತ್ತವನು ಎದ್ದು ಬಂದು ಸಾಕ್ಷಿ ಹೇಳಲಾರ ಎಂಬ ಧೈರ್ಯವೇ?

ಮೊನ್ನೆ ಜಿಲಾನಿಯ ಹೆಂಡತಿ ತರನ್ನುಮ ನಮ್ಮ ಮನೆಗೆ ಬಂದಿದ್ದಳು. ಒಳಗೆ ಬರಲು ಹಿಂಜರಿದು ಕಟ್ಟೆಯ ಮೇಲೇ ಕೂತಳು. ನಿದ್ದೆಗಣ್ಣಿನ ಡ್ರೈವರ್ ಜನರನ್ನು ಕೊಂದ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದಾರಂತೆ.

“ನೀವು ಅವರ ಹಿಂದ ಕುಂತಿದ್ರಿ. ಖರೇ ಹೇಳ್ರಿ ಅಕ್ಕಾರ, ಅವರಿಗೆ ನಿದ್ದಿ ಹತ್ತಿತ್ತೇನ್ರಿ?” ಎಂದಳು.

“ಇಲ್ಲ ತಂಗಿ. ಕಡೀತನಕ ಸ್ಟೇರಿಂಗ್ ಬಿಡಲಿಲ್ಲ ಅವ್ರು,” ಎಂದೆ.

ಆಗ ಅವಳು ಅತ್ತಳು. ಅವ್ವ ಹೋದ ಮೇಲೆ ನಾನೂ ಬಾಯಿಬಿಟ್ಟು ಅತ್ತದ್ದು ಅಂದೇ.

ಸಿಡಿದ ಟೈರನ್ನು ಹುಡುಕಿಸಿ. ಮಾಲೀಕರ ಫೋನ್ ಕರೆಗಳನ್ನು ಪರಿಶೀಲಿಸಿ. ಬಸ್ಸಿನಲ್ಲಿದ್ದ ನಮ್ಮನ್ನು ಕರೆದು ಕೇಳಿ. ಈವರೆಗೆ ಯಾರೂ ಕೇಳಿಲ್ಲ. ಆಮೇಲೆ ಟಿಕೋಟಾಕ್ಕೆ ಬನ್ನಿ. ತರನ್ನುಮಳ ಎದುರು ಕೂತು, ನಿಮ್ಮ ಗಂಡ ನಿದ್ದೆ ಮಾಡಿರಲಿಲ್ಲ ತಾಯೀ, ತಪ್ಪು ಬರೆದವನು ನಾನು ಎಂದು ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
‘ಸಣ್ಣಪುಟ್ಟ ಗಾಯಗಳಾಗಿ ಪಾರಾದವರು’ ಎಂದು ನೀವು ಒಂದೇ ಸಾಲಿನಲ್ಲಿ ಮುಗಿಸಿದವರಲ್ಲಿ ಒಬ್ಬಳು,
ವಿಶಾಖಾ, ಘೋಣಸಗಿ