ರೈಟ್ ಕಾರ್ನರ್ ಪಕ್ಕದ ಕೈ

ಉಡುತಡಿಯ ರೈಟ್ ಕಾರ್ನರ್ ನಯನಾಗೆ,

ಮೆಸೇಜ್ ಹಾಕಬಹುದಿತ್ತು. ಹಾಕಿದರೆ ನೀನು ಮೂರನೇ ಸಾಲಿಗೇ ಫೋನ್ ಮಾಡಿ "ಏನೇ ಇದು?" ಅನ್ನುತ್ತೀ. ನಾನು "ಏನಿಲ್ಲ ಬಿಡು" ಅಂದು ಬೇರೆ ಮಾತು ತೆಗೆಯುತ್ತೇನೆ. ಅದಕ್ಕೇ ಕಾಗದ. ಪೂರ್ತಿ ಓದು, ಆಮೇಲೆ ಬೈಯಿ.

ಮಹಿಳಾ ಕಬಡ್ಡಿ ಲೀಗಿನ ಹರಾಜು ಹತ್ತಿರ ಬಂತಲ್ಲ, ನಮ್ಮ ಜಿಲ್ಲೆಯ ತಂಡದ ಕೋಚ್ ಲೋಕಪ್ಪ ಸರ್ ನನಗೆ ಫೋನ್ ಮಾಡಿದ್ದರು. ಒಂದು ದಿನವೂ ಅಂಕಣಕ್ಕೆ ಇಳಿಯದ ನನಗೆ! ಅವರಿಗೆ ಬಲಗಡೆಗೆ ಒಬ್ಬಳು ಕ್ಯಾಚರ್ ಬೇಕು. ಇಬ್ಬರಿಗೆ ಜಾಗ ಇಲ್ಲ. ನೀನಾ, ನಿನ್ನ ಪಕ್ಕ ನಿಲ್ಲುವ ತ್ರಿವೇಣಿನಾ ಎಂಬಲ್ಲಿಗೆ ಮಾತು ಬಂದು ನಿಂತಿತು. ಅವರು ನಿಮ್ಮ ಆಟ ನೋಡಿದ್ದು ಕಡಿಮೆ. ನಿಮ್ಮ ಮ್ಯಾಚುಗಳು ಟಿವಿಯಲ್ಲಿ ಬರುವುದಿಲ್ಲ, ಇರುವುದೆಲ್ಲ ನನ್ನ ಫೋನಿನಲ್ಲಿ. ಶಿಕಾರಿಪುರದಿಂದ ಸೊರಬದವರೆಗೆ ನೀವು ಆಡಿದ ಕಡೆಯೆಲ್ಲ ಬಂದು, ಮುಂದಿನ ಸಾಲಿನಲ್ಲಿ ಕೂತು ಶೂಟ್ ಮಾಡಿದವಳು ನಾನೊಬ್ಬಳೇ ತಾನೇ.

ನಮ್ಮ 'ಹಿಡಿದ್ರೆ ಬಿಡಲ್ಲ' ವಾಟ್ಸಾಪ್ ಗ್ರೂಪಿನಲ್ಲಿ ಈಗ ಬೇರೆ ಮಾತೇ ಇಲ್ಲ. ಯಾವ ಕ್ಯಾಚರ್ ಎಷ್ಟಕ್ಕೆ ಹೋಗುತ್ತಾಳೆ, ಯಾರ ಆ್ಯಂಕಲ್ ಹೋಲ್ಡ್ ಗಟ್ಟಿ, ಯಾರು ಸುಮ್ಮನೆ ಹಾರಾಡುತ್ತಾರೆ. ಅಡ್ಮಿನ್ ಮಧುಸೂದನ ಶಿರಾಳಕೊಪ್ಪದ ಮೊಬೈಲ್ ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡೇ ವಾಯ್ಸ್ ನೋಟ್ ಹಾಕುತ್ತಾನೆ: "ಅರ್ಚಿತಾ ಮೇಡಂ, ನಿಮ್ ಪಟ್ಟಿ ಬರ್ಲಿ ಮೊದ್ಲು. ಆಮೇಲೆ ನಾವು ಕೂತ್ಕಂಡು ಜಗಳ ಆಡ್ತೀವಿ." ನನ್ನ ಪಟ್ಟಿಯಲ್ಲಿ ಮೇಲಿರುವುದು ಯಾವಾಗಲೂ ನೀನೇ. ನಿನ್ನ ಸೊಂಟ ಎಷ್ಟು ತಗ್ಗಿರುತ್ತದೆ, ಹಿಡಿದ ಮೇಲೆ ಮೊಣಕೈ ಹೇಗೆ ಬೀಗ ಹಾಕುತ್ತದೆ ಎಂದು ಉದ್ದುದ್ದ ಬರೆದಿದ್ದೇನೆ. ಜನ ಬೆಂಕಿ ಚಿತ್ರ ಹಾಕಿ ಹಾಕಿ ಗ್ರೂಪನ್ನೇ ಸುಟ್ಟಿದ್ದಾರೆ.

ತ್ರಿವೇಣಿಯ ಹೆಸರು ನನ್ನ ಪಟ್ಟಿಯಲ್ಲಿ ಎಂದೂ ಬಂದಿಲ್ಲ. ಯಾಕೆ ಅಂತ ನಿನಗೆ ಗೊತ್ತು, ಗೊತ್ತಿದ್ದೂ ನಗುತ್ತೀ.

ಅವಳು ಕುಪ್ಪಗಡ್ಡೆಯಿಂದ ನಿಮ್ಮ ತಂಡಕ್ಕೆ ಬರುವ ಮೊದಲು ನೀನು ಆಟ ಮುಗಿಸಿ ಸೀದಾ ನನ್ನ ಹತ್ತಿರ ಬರುತ್ತಿದ್ದೆ. ಬೆವರು ಒರೆಸುವ ಮೊದಲೇ "ತೋರ್ಸೇ, ತೋರ್ಸೇ" ಎಂದು ಫೋನ್ ಕಿತ್ತುಕೊಳ್ಳುತ್ತಿದ್ದೆ. ಆಮೇಲೆ ಅವಳು ಬಂದಳು, ನಿನ್ನ ಪಕ್ಕದಲ್ಲಿ, ಕಾರ್ನರ್‌ಗಿಂತ ಒಂದು ಹೆಜ್ಜೆ ಒಳಗೆ, 'ಇನ್' ಆಗಿ ನಿಂತಳು. ಕಾರ್ನರ್‌ನವಳ ಕೈಯನ್ನು ಇನ್‌ನವಳು ಹಿಡಿದುಕೊಳ್ಳಬೇಕು, ಅದು ಆಟದ ಪದ್ಧತಿ, ಒಪ್ಪುತ್ತೇನೆ. ಆದರೆ ಆಟ ಮುಗಿದ ಮೇಲೂ ಹಿಡಿದುಕೊಂಡಿರಬೇಕು ಎಂದು ಯಾವ ರೂಲ್ ಬುಕ್ಕಿನಲ್ಲಿದೆ? ಸೊರಬದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನೀವಿಬ್ಬರೂ ಒಂದೇ ಸೀಟಿನಲ್ಲಿ, ಬೆರಳಿಗೆ ಬೆರಳು ಹೆಣೆದುಕೊಂಡೇ ನಿದ್ದೆ ಹೋಗಿದ್ದಿರಿ. ನಾನು ನಿಮ್ಮ ಎರಡೂ ಕಿಟ್ ಬ್ಯಾಗ್ ಹಿಡಿದು ಕಂಬಿಗೆ ಒರಗಿದ್ದೆ. ಅವಳು ಕಣ್ಣು ಬಿಟ್ಟು, "ಎಂತಕ್ಕೆ ನಿಂತ್ಕಂಡಿದೀಯೆ ಮಾರಾಯ್ತಿ? ಬಾ, ಅಡ್ಜಸ್ಟ್ ಮಾಡ್ಕಳನ" ಎಂದು ಜರುಗಿದಳು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು! ಒಳ್ಳೆಯವಳು. ಆದರೆ ಜರುಗುವಾಗಲೂ ನಿನ್ನ ಕೈ ಬಿಡಲಿಲ್ಲ. ಶಿರಾಳಕೊಪ್ಪ ಬರುವವರೆಗೂ ನಾನು ಕೂರಲಿಲ್ಲ.

ಆವತ್ತಿನಿಂದ ಗ್ರೂಪಿಗೆ, ಸ್ಟೇಟಸ್ಸಿಗೆ ವಿಡಿಯೋ ಹಾಕುವಾಗ ಅವಳನ್ನು ಕತ್ತರಿಸತೊಡಗಿದೆ. ಫ್ರೇಮಿನಲ್ಲಿ ನೀನು, ನಿನ್ನ ಕಾಲು, ರೈಡರ್. ಅಷ್ಟೇ. ನೀನೇ ಕೇಳಿದ್ದೆ: "ಏ ಅರ್ಚಿ, ತ್ರಿವೇಣಿ ಎಲ್ಲಿ ಹೋದ್ಲು? ಬರೀ ಕೈ ಕಾಣ್ತೈತಿ, ದೆವ್ವದ ಕೈ ಇದ್ದಂಗೆ!" ಸ್ಟೇಟಸ್ಸಿಗೆ ಉದ್ದ ಸೈಜ್ ಬೇಕು, ಅಗಲ ಹಿಡಿಸುವುದಿಲ್ಲ ಎಂದಿದ್ದೆ. ನೀನು ಬಿದ್ದು ಬಿದ್ದು ನಕ್ಕಿದ್ದೆ. ಆ ನಗುವನ್ನೂ ಅವಳಿಗೆ ಹೇಳಿರುತ್ತೀ, ಗೊತ್ತು.

ಲೋಕಪ್ಪ ಸರ್ ನೋಡಿದ್ದು ಆ ಕತ್ತರಿಸಿದ ವಿಡಿಯೋಗಳನ್ನೇ. ಫೋನಿನಲ್ಲಿ ಅವರು ಹೇಳಿದ್ದು ಹಾಗೇ ಬರೆಯುತ್ತೇನೆ: "ತಂಗಿ, ಕಾರ್ನರ್ ಹುಡುಗಿ ಕಾಲು ಚಲೋ ಹಿಡೀತಾಳ. ಅದು ಇರ್ಲಿ. ಪಕ್ಕದಾಗ ಒಂದು ಕೈ ಬರ್ತೈತಲ್ಲ, ಆ ಕೈ ಯಾರ್ದು?"

ತ್ರಿವೇಣಿ ಅಂತ ಸರ್, ಕುಪ್ಪಗಡ್ಡೆಯವಳು ಎಂದೆ. "ಹಂಗಾದ್ರೆ ನೋಡಿ ಹೇಳವ್ವ. ಇಬ್ರಾಗೆ ಒಬ್ಳು. ನಾಳೆ ಫೋನ್ ಮಾಡ್ತೀನಿ" ಎಂದು ಇಟ್ಟರು.

ಕತ್ತರಿಸದ ವಿಡಿಯೋಗಳನ್ನು ತೆಗೆದು ಕೂತೆ. ಸತ್ಯ ಹೇಳುತ್ತೇನೆ ಕಣೆ, ನ್ಯಾಯವಾಗಿ ನೋಡಲು ಕೂತವಳಲ್ಲ ನಾನು. ಅವಳ ತಪ್ಪು ಹುಡುಕಲು ಕೂತೆ. ನಿಧಾನ ಮಾಡಿ, ದೊಡ್ಡದು ಮಾಡಿ, ಅವಳ ಒಂದೊಂದು ಬೆರಳನ್ನೂ ನೋಡಿದೆ. ಅವಳ ಮೇಲೆ ಪ್ರೀತಿ ಇರುವ ಯಾರೂ ಅವಳನ್ನು ಅಷ್ಟು ನೋಡಿರಲಿಕ್ಕಿಲ್ಲ.

ಆಗ ಕಂಡಿತು. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚುವ ಮೊದಲೇ ತ್ರಿವೇಣಿಯ ಮಣಿಕಟ್ಟು ಒಮ್ಮೆ ಒಳಕ್ಕೆ ತಿರುಗುತ್ತದೆ. ತಿರುಗಿದ ಮೇಲೆ ನೀನು ಎರಗುತ್ತೀ. ಕಾಕತಾಳೀಯ ಇರಬಹುದು ಎಂದು ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಎಲ್ಲದರಲ್ಲೂ ಮೊದಲು ಅವಳ ಕೈ, ಆಮೇಲೆ ನಿನ್ನ ಮೈ. ರೈಡರ್ ಯಾವ ಕಾಲು ಕೊಡುತ್ತಾಳೆ ಎಂದು ಓದುವವಳು ಅವಳು. ಪಾಯಿಂಟ್ ನಿನ್ನ ಹೆಸರಿಗೆ ಬರುತ್ತದೆ. ಸೊರಬದ ಮ್ಯಾಚಿನಲ್ಲಿ ಅವಳು ಔಟಾಗಿ ಹೊರಗೆ ಕೂತಿದ್ದಾಗ ನೀನು ಹಿಡಿಯಲು ಹೋಗಿ ಬರೀ ಮಣ್ಣು ಹಿಡಿದೆಯಲ್ಲ, ಆಗ ಮಣ್ಣು ಜಾರುತ್ತಿತ್ತು ಎಂದು ಗ್ರೂಪಿನಲ್ಲಿ ನಾನು ಎಷ್ಟು ಜನರೊಂದಿಗೆ ಜಗಳ ಆಡಿದ್ದೆ! ಮಣ್ಣು ಜಾರುತ್ತಿರಲಿಲ್ಲ ನಯನಾ. ನೀನು ಕಾಯುತ್ತಿದ್ದೆ. ತಿರುಗಬೇಕಾದ ಕೈ ಅಲ್ಲಿ ಇರಲಿಲ್ಲ.

ಇದು ನಿನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಅನ್ನಿಸುತ್ತದೆ. ನಿಮ್ಮಿಬ್ಬರ ಕೈಗಳಿಗೆ ಮಾತ್ರ ಗೊತ್ತಿತ್ತು. ನಿನ್ನ ಕಾಲು, ಸೊಂಟ, ಮೊಣಕೈ ಎಲ್ಲವನ್ನೂ ಬಾಯಿಪಾಠ ಮಾಡಿದವಳು ನಾನು. ನೀನು ಯಾವಾಗ ಎರಗುತ್ತೀ ಎನ್ನುವುದು ನಿನಗಿಂತ ಮೊದಲು ಗೊತ್ತಾಗುವುದು ಅವಳಿಗೆ.

ನಿನ್ನ ಹೆಸರು ಹೇಳಿಬಿಡಬಹುದಿತ್ತು. ನೀನು ಕುಣಿಯುತ್ತಾ ಹೋಗುತ್ತಿದ್ದೆ. ಅಲ್ಲಿ ಯಾರೋ ಹೊಸಬಳ ಕೈ ಹಿಡಿದು ನಿಲ್ಲುತ್ತಿದ್ದೆ, ಟಿವಿಯಲ್ಲಿ ಎಲ್ಲರೆದುರು ತಡವಾಗಿ ಬೀಳುತ್ತಿದ್ದೆ. ಇವತ್ತು ಬೆಂಕಿ ಚಿತ್ರ ಹಾಕುವವರೇ ಆವತ್ತು ನಿನ್ನ ಮೇಲೆ ಮೀಮ್ ಮಾಡುತ್ತಿದ್ದರು. ಅವರನ್ನು ನಾನು ಬಲ್ಲೆ, ನಾನೂ ಅವರಲ್ಲೊಬ್ಬಳು. ಇನ್ನೊಂದು ಕಡೆ ನಿನ್ನ ಮಾತೂ ಕಿವಿಯಲ್ಲಿತ್ತು: "ಈ ಸಲ ನನ್ನ ಯಾರೂ ತಗಳ್ಳಿಲ್ಲ ಅಂದ್ರೆ ಅಪ್ಪ ಬಿ.ಎಡ್.ಗೆ ಹಾಕ್ತಾನ. ಆಟ ಅಲ್ಲಿಗೆ ಬಂದ್."

ಇಷ್ಟೆಲ್ಲ ಗೊತ್ತಿದ್ದೂ, ಇವತ್ತು ಬೆಳಿಗ್ಗೆ ಸರ್ ಫೋನ್ ಮಾಡಿದಾಗ ತ್ರಿವೇಣಿಯ ಹೆಸರು ಹೇಳಿದೆ. ಪೂರ್ತಿ ವಿಡಿಯೋಗಳನ್ನೂ ಕಳಿಸಿದೆ, ಈ ಸಲ ಅಗಲವಾಗಿಯೇ.

ನೀನು ಕೇಳುವ ಪ್ರಶ್ನೆ ನನಗೆ ಗೊತ್ತು. ಹೌದು, ಅವಳು ಆಯ್ಕೆಯಾದರೆ ಇಲ್ಲಿಂದ ಹೋಗುತ್ತಾಳೆ ಎಂದು ನೆನೆದಾಗ ಒಳಗೊಳಗೇ ಖುಷಿಯಾಯಿತು. ಬಸ್ಸಿನ ಆ ಸೀಟು ಖಾಲಿಯಾಗುತ್ತದೆ ಎಂದೂ ಅನ್ನಿಸಿತು. ಆಟ ನೋಡಿ ಹೇಳಿದೆನೋ, ಹೊಟ್ಟೆಕಿಚ್ಚಿಗೆ ಹೇಳಿದೆನೋ ಎಂದು ಬೆಳಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಎರಡೂ ಒಂದೇ ಹೆಸರು ಹೇಳುತ್ತಿವೆ, ಬಿಡಿಸಲು ಆಗುತ್ತಿಲ್ಲ. ಹೊಟ್ಟೆಕಿಚ್ಚು ಇಲ್ಲದಿದ್ದರೂ ಅದನ್ನೇ ಹೇಳುತ್ತಿದ್ದೆ ಎನ್ನುವುದಷ್ಟೇ ನನ್ನ ನಂಬಿಕೆ. ನೀನು ನಂಬದಿದ್ದರೆ ಮಾಡುವಂಥದ್ದೇನೂ ಇಲ್ಲ.

ಲೋಕಪ್ಪ ಸರ್ ಹೆಸರು ಬರೆದುಕೊಂಡರು. ಆಮೇಲೆ, "ಕಾರ್ನರ್ ಹುಡುಗಿ ನಿನ್ನ ಗೆಳತಿ ಅಲ್ಲೇನು?" ಎಂದರು. ಹೌದು ಸರ್ ಎಂದೆ. "ಹಂಗಾದ್ರೆ ಆಕೆಗೆ ನೀನೇ ಹೇಳು ತಂಗಿ. ಮಂದಿ ಬಾಯಿಂದ ಕೇಳೋದು ಬ್ಯಾಡ." ಅದಕ್ಕೇ ಈ ಕಾಗದ.

ಇನ್ನು ನನ್ನ ಸ್ಕೌಟಿಂಗ್ ರಿಪೋರ್ಟ್ ಕೇಳು, ಈ ಸಲ ಗ್ರೂಪಿಗಲ್ಲ, ನಿನಗೊಬ್ಬಳಿಗೇ. ನಿನ್ನ ಹಿಡಿತದಲ್ಲಿ ದೋಷ ಇಲ್ಲ. ನೀನು ರೈಡರ್ ಮುಖ ನೋಡುತ್ತೀ, ಸೊಂಟ ನೋಡುವುದಿಲ್ಲ. ಕಾಲಿಗಿಂತ ಮೊದಲು ಸೊಂಟ ಹೇಳುತ್ತದೆ. ಒಂದು ವರ್ಷ ಸಾಕು ಇದನ್ನು ಕಲಿಯಲು. ಆ ಒಂದು ವರ್ಷವನ್ನು ಕೇಳಲು ಭಾನುವಾರ ನಿಮ್ಮ ಮನೆಗೆ ಬಂದು ನಿಮ್ಮಪ್ಪ ಪುಟ್ಟಪ್ಪ ಮಾವನ ಎದುರು ಕೂರುತ್ತೇನೆ. ಬಿ.ಎಡ್.ಗೆ ಸೇರಿದರೂ ಬೆಳಗಿನ ಹೊತ್ತು ಆಡಬಹುದು ಎಂದು ವಾದ ಮಾಡುತ್ತೇನೆ. ನೀನು ಬಾಗಿಲು ಹಾಕಿಕೊಂಡು ಒಳಗಿದ್ದರೂ ಸರಿ, ನಾನು ಹೊರಗೆ ಮಾವನ ಹತ್ತಿರ ಮಾತಾಡುತ್ತೇನೆ.

ಯಾರೂ ಹೇಳದೆಯೂ ಎರಗುವ ಧೈರ್ಯ ನಿನ್ನ ಕಾಲಿಗೆ ಬೇಗ ಬರಲಿ. ಮುಂದಿನ ಹರಾಜಿನಲ್ಲಿ ನಿನ್ನ ಹೆಸರು ಕೂಗಿದಾಗ ಸಭೆ ತಿರುಗಿ ನೋಡಲಿ. ತ್ರಿವೇಣಿಗೂ ಒಳ್ಳೆಯದಾಗಲಿ ಎನ್ನುವ ಮಾತನ್ನು ನೀನೇ ಅವಳಿಗೆ ಹೇಳಿಬಿಡು. ಕೋಚ್‌ಗೆ ಅವಳ ಹೆಸರು ಹೇಳಿದ್ದೇನೆ; ಇವತ್ತಿಗೆ ನನ್ನ ಕೈಲಿ ಆಗುವುದು ಅಷ್ಟೇ.

ನೀನು ಬೈದರೂ ಮುಂದಿನ ಸಾಲಿನಲ್ಲೇ ಕೂರುವ,
ಅರ್ಚಿ